ಹೊಸ ಭಾಗ ಬಂದಾಗ ಹಳೇ ಅಭಿಮಾನಿ ಮಾಡಬೇಕಾದ ಕೆಲಸ

ನಾನು ಲಿಫ್ಟ್ ರಿಪೇರಿ ಮಾಡುವವನು. ಮುಂಬಯಿಯ ಮಾಟುಂಗಾ, ಸಯಾನ್, ವಡಾಲಾ ಕಡೆಯ ಹಳೇ ಬಿಲ್ಡಿಂಗುಗಳ ಲಿಫ್ಟುಗಳನ್ನು ನೋಡಿಕೊಳ್ಳುತ್ತೇನೆ. ಎರಡೆರಡು ಜಾಲರಿ ಬಾಗಿಲು, ಸವೆದು ನುಣುಪಾದ ಹಿತ್ತಾಳೆ ಹಿಡಿ, ಬಾಗಿಲನ್ನು ಇನ್ನೊಂದು ಸಲ ಜೋರಾಗಿ ಎಳೆದು ಹಾಕಿದರೆ ಮಾತ್ರ ಮೇಲೇಳುವ ಪೆಟ್ಟಿಗೆ. ಸೈನ್ಸ್ ಫಿಕ್ಷನ್ ಬಗ್ಗೆ ಬರೆಯಲು ಕೂತು ಲಿಫ್ಟಿನ ಮಾತು ಯಾಕೆ ಅಂದರೆ, ಬಾಹ್ಯಾಕಾಶದ ಕಥೆ ಹೇಳುವ ಸ್ಟಾರ್ ವಾರ್ಸ್ ಸಿನಿಮಾಗಳ ಮೇಲೆ ನನಗೆ ಇಷ್ಟೊಂದು ಪ್ರೀತಿ ಯಾಕೆ ಅಂತ ನನಗೇ ತಿಳಿದದ್ದು ಈ ಕೆಲಸದಿಂದ, ಅದೂ ಬಹಳ ತಡವಾಗಿ. ತಿಳಿಯದೇ ಇದ್ದಷ್ಟು ವರ್ಷ ಹೊಸದಾಗಿ ಏನೇ ಬಂದರೂ ಸಿಟ್ಟು ಮಾಡಿಕೊಂಡೆ. ಯಾವುದಕ್ಕೆ ಸಿಟ್ಟು ಅಂತ ಕೇಳಿದರೆ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ.

2017ರ ಡಿಸೆಂಬರಿನಲ್ಲಿ ಸ್ಟಾರ್ ವಾರ್ಸ್‌ನ ಹೊಸ ಚಿತ್ರ 'ದ ಲಾಸ್ಟ್ ಜೆಡೈ' ಬಂತು. ನಾನೂ ನನ್ನ ಗೆಳೆಯನೂ ಒಟ್ಟಿಗೆ ನೋಡಿದೆವು. ಅವನಿಗೆ ತುಂಬಾ ಇಷ್ಟವಾಯಿತು. ನನಗೆ ಆಗಲಿಲ್ಲ. ವಾಪಸ್ ಬರುವಾಗ ದಾದರ್‌ನಲ್ಲಿ ಲೋಕಲ್ ಹತ್ತಿದ ಕೂಡಲೇ ಶುರುವಾದ ಮಾತು ಠಾಣೆ ದಾಟುವಷ್ಟರಲ್ಲಿ ಜಗಳವಾಗಿ, ಡೊಂಬಿವಲಿಯಲ್ಲಿ ಇಳಿಯುವಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೇ ಊರಿನವರು, ಉಡುಪಿ ಕಡೆಯವರು, ಒಟ್ಟಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಮುಂದಿನ ಗಣಪತಿ ಹಬ್ಬದವರೆಗೆ ಮಾತಿಲ್ಲ. ಅವನ ತಾಯಿ ಫೋನ್ ಮಾಡಿ "ಎಂಥ ಮಾರಾಯ, ಸಿನಿಮಾಕ್ಕಾಗಿ ಮನೆಗೆ ಬರುವುದನ್ನೇ ಬಿಟ್ಟೆಯಾ" ಅಂತ ಕೇಳಿದ ಮೇಲೆ ಹೋದೆ. ಆವತ್ತಿನಿಂದ ಇವತ್ತಿನವರೆಗೆ ನಾವಿಬ್ಬರೂ ಸೇರಿ ಮಾಡಿಕೊಂಡ ಕೆಲವು ಪದ್ಧತಿಗಳಿವೆ. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ಟಾರ್ ಟ್ರೆಕ್, ಡಾಕ್ಟರ್ ಹೂ, ಡ್ಯೂನ್, ಏಲಿಯನ್, ನಿಮ್ಮದು ಯಾವುದಾದರೂ ಸರಿ, ಇವು ಹೊಂದುತ್ತವೆ.

ಇಷ್ಟವಾದದ್ದು ಏನು ಅಂತ ಬರೆಯಿರಿ

ಹೊಸದನ್ನು ನೋಡುವ ಮೊದಲು ಮಾಡಬೇಕಾದ ಕೆಲಸ ಇದು. ಒಂದು ನೋಟ್‌ಬುಕ್ ತಗೊಳ್ಳಿ. ಹಳೆಯದರಲ್ಲಿ ನಿಮಗೆ ಇಷ್ಟವಾದ ಮೂರು ವಿಷಯ ಬರೆಯಿರಿ. "ಕಥೆ ಚೆನ್ನಾಗಿದೆ", "ಪಾತ್ರಗಳು ಚೆನ್ನಾಗಿವೆ" ಅಂತ ಬರೆದರೆ ಉಪಯೋಗವಿಲ್ಲ. ಯಾವ ದೃಶ್ಯ, ಆ ದೃಶ್ಯದಲ್ಲಿ ಏನು, ಅದು ನಿಮ್ಮನ್ನು ಯಾಕೆ ಹಿಡಿಯಿತು, ಇಷ್ಟು ಬೇಕು.

ನಾನು ಬರೆದದ್ದು ಹೇಳುತ್ತೇನೆ. 1980ರ 'ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಚಿತ್ರದಲ್ಲಿ ಹಾನ್ ಸೋಲೋನ ಹಡಗು ಮಿಲೇನಿಯಂ ಫಾಲ್ಕನ್ ಪದೇ ಪದೇ ಕೈಕೊಡುತ್ತದೆ. ಓಡಿಹೋಗಬೇಕಾದ ಹೊತ್ತಿಗೇ ಹೈಪರ್‌ಡ್ರೈವ್, ಅಂದರೆ ಬೆಳಕಿಗಿಂತ ವೇಗವಾಗಿ ಓಡಿಸುವ ಎಂಜಿನ್, ಕೆಲಸ ಮಾಡುವುದಿಲ್ಲ. ಒಂದು ಕಡೆ ದೀಪ ಆರಿ ಹೋಗುತ್ತದೆ, ಅವನು ಗೋಡೆಗೆ ಒಂದು ಗುದ್ದು ಕೊಡುತ್ತಾನೆ, ದೀಪ ಬರುತ್ತದೆ. ಇದನ್ನು ನಾನು ಹತ್ತು ವರ್ಷದವನಿದ್ದಾಗ ಬಾಡಿಗೆ ಕ್ಯಾಸೆಟ್ಟಿನಲ್ಲಿ ನೋಡಿದೆ. ಅದಕ್ಕೆ ಮುಂಚೆ ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ನೋಡಿದ್ದೆ, ಆ ಹಡಗು ಆಸ್ಪತ್ರೆಯ ಹಾಗೆ ಚೊಕ್ಕವಾಗಿತ್ತು. ಆಕಾಶದಲ್ಲಿ ಹಾರುವ ಹಡಗಿಗೂ ರಿಪೇರಿ ಬೇಕಾಗುತ್ತದೆ, ಎಣ್ಣೆ ಮೆತ್ತಿರುತ್ತದೆ, ಅದನ್ನು ಓಡಿಸುವವನಿಗೆ ಅದರ ಕಾಯಿಲೆಗಳೆಲ್ಲಾ ಗೊತ್ತಿರುತ್ತವೆ ಅನ್ನುವುದು ನನಗೆ ಹೊಸದು. ನಾನು ಪ್ರೀತಿಸಿದ್ದು ಅದನ್ನು. ಜೆಡೈ ಅನ್ನುವ ಯೋಧರನ್ನಲ್ಲ, ಅವರ ಬೆಳಕಿನ ಕತ್ತಿಯನ್ನೂ ಅಲ್ಲ. ಜನ ಬಳಸಿ ಬಳಸಿ ಸವೆದ ಲೋಕವನ್ನು.

ಇದನ್ನು ಬರೆದ ಮೇಲೆ ಹಳೇ ಒಂದು ಗಂಟು ಬಿಚ್ಚಿಕೊಂಡಿತು. 1999ರಲ್ಲಿ 'ದ ಫ್ಯಾಂಟಮ್ ಮೆನೇಸ್' ಬಂದಾಗ ನನಗೆ ಸೇರಿರಲಿಲ್ಲ. ಎಲ್ಲರೂ ಜಾರ್ ಜಾರ್ ಬಿಂಕ್ಸ್ ಪಾತ್ರವನ್ನು ಬೈಯುತ್ತಿದ್ದರು, ನಾನೂ ಬೈದೆ. ನಿಜವಾಗಿ ನನಗೆ ಸೇರದೇ ಹೋದದ್ದು ರಾಣಿಯ ಆ ಬೆಳ್ಳಿ ಬಣ್ಣದ ಹಡಗು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಆಮೇಲೆ ಯೋಚಿಸಿದೆ: ಆ ಕಥೆ ನಡೆಯುವುದು ಮೊದಲ ಚಿತ್ರಕ್ಕಿಂತ ಸುಮಾರು 30 ವರ್ಷ ಹಿಂದೆ, ಸಾಮ್ರಾಜ್ಯ ಬರುವ ಮುಂಚೆ, ಗಣರಾಜ್ಯ ಸುಖವಾಗಿದ್ದ ಕಾಲದಲ್ಲಿ. ಹಡಗು ಹೊಳೆಯಲೇಬೇಕು, ಅಲ್ವಾ? ಆ ಹೊಳಪು ಹೋಗಿ ತುಕ್ಕು ಬಂದದ್ದೇ ಮುಂದಿನ ಕಥೆ. ಈಗಲೂ ಆ ಚಿತ್ರ ನನಗೆ ಅಷ್ಟಕ್ಕಷ್ಟೇ. ಆದರೆ ಯಾಕೆ ಅಂತ ಒಂದೇ ವಾಕ್ಯದಲ್ಲಿ ಹೇಳಬಲ್ಲೆ, ಅದರಲ್ಲಿ ಯಾರಿಗೂ ಬೈಗುಳ ಇರುವುದಿಲ್ಲ.

ನನ್ನ ಗೆಳೆಯನ ಪಟ್ಟಿ ಬೇರೆಯೇ ಇತ್ತು. ಅವನಿಗೆ ಇಷ್ಟವಾದದ್ದು ಯಾವ ದೊಡ್ಡ ಮನೆತನಕ್ಕೂ ಸೇರದ, ಹೊಲದ ಮನೆಯ ಹುಡುಗ ಲ್ಯೂಕ್ ಮೊದಲ ಚಿತ್ರದಲ್ಲಿ ಹೊರಟು ನಿಂತದ್ದು. ಹಾಗಾಗಿ 2017ರ ಚಿತ್ರದಲ್ಲಿ ನಾಯಕಿ ರೇಯ ತಂದೆತಾಯಿ ದೊಡ್ಡವರು ಯಾರೂ ಅಲ್ಲ ಅಂದಾಗ ಅವನಿಗೆ ಕಣ್ಣು ತುಂಬಿತ್ತಂತೆ. ಇಬ್ಬರೂ ಒಂದೇ ಹೆಸರಿನ ಎರಡು ಬೇರೆ ವಸ್ತುಗಳನ್ನು ಪ್ರೀತಿಸಿ, ಒಂದೇ ಅಂದುಕೊಂಡು ಜಗಳವಾಡಿದ್ದೆವು. ಪಟ್ಟಿ ಮೊದಲೇ ಬರೆದಿದ್ದರೆ ಆ ಒಂಬತ್ತು ತಿಂಗಳು ಉಳಿಯುತ್ತಿತ್ತು.

ಟ್ರೇಲರ್ ನೋಡಿ ತೀರ್ಪು ಕೊಡಬೇಡಿ

ಒಂದು ಟ್ರೇಲರ್ ನೋಡಿ, ಸಾಕು. ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡುವವರ ವಿಡಿಯೋಗಳನ್ನು ಬಿಡಿ. ಯಾರು ನಟಿಸುತ್ತಿದ್ದಾರೆ ಅನ್ನುವ ಸುದ್ದಿಗೆ ಕುಣಿಯುವುದೂ ಬೇಡ, ಎದೆ ಬಡಿದುಕೊಳ್ಳುವುದೂ ಬೇಡ.

1987ರಲ್ಲಿ 'ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್' ಶುರುವಾಗುವ ಮುಂಚೆ ಹಳೇ ಅಭಿಮಾನಿಗಳಿಗೆ ದೊಡ್ಡ ಅನುಮಾನ. ಹಳೇ ಕ್ಯಾಪ್ಟನ್ ಕರ್ಕ್ ಇಲ್ಲ, ಅವನ ಜೊತೆಗಾರ ಸ್ಪಾಕ್ ಇಲ್ಲ, ಫ್ರೆಂಚ್ ಹೆಸರಿನ ಬೋಳುತಲೆಯ ಕ್ಯಾಪ್ಟನ್, ಆ ಪಾತ್ರಕ್ಕೆ ಇಂಗ್ಲೆಂಡಿನ ನಾಟಕದ ನಟ ಪ್ಯಾಟ್ರಿಕ್ ಸ್ಟೀವರ್ಟ್. ಅವರ ಅನುಮಾನ ಪೂರ್ತಿ ತಪ್ಪೂ ಅಲ್ಲ, ಮೊದಲ ಸೀಸನ್ ಬಹಳ ಎಡವುತ್ತದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಅದು ತನ್ನ ಕಾಲ ಮೇಲೆ ನಿಂತಿತ್ತು. 7 ಸೀಸನ್, 178 ಕಂತು ನಡೆಯಿತು. ಹಳೆಯದು ನಡೆದದ್ದು ಬರೀ 79. ಇವತ್ತು ಸ್ಟಾರ್ ಟ್ರೆಕ್ ಅಂದರೆ ಎಷ್ಟೋ ಜನಕ್ಕೆ ಆ ಬೋಳುತಲೆಯ ಪಿಕಾರ್ಡೇ ಕಣ್ಣ ಮುಂದೆ ಬರುವುದು.

ಗಾಳಿಸುದ್ದಿಯ ಬಗ್ಗೆ ಒಂದು ಮಾತು. 1982ರ ಸ್ಟಾರ್ ಟ್ರೆಕ್ ಚಿತ್ರ 'ದ ರಾತ್ ಆಫ್ ಖಾನ್' ತಯಾರಾಗುವಾಗಲೇ ಸ್ಪಾಕ್ ಸಾಯುತ್ತಾನೆ ಅನ್ನುವ ಸುದ್ದಿ ಹೊರಬಿತ್ತು. ಜನ ಸಿಟ್ಟಿನಿಂದ ಕಾಗದ ಬರೆದರು. ನಿರ್ದೇಶಕ ನಿಕೋಲಸ್ ಮೇಯರ್ ಚಿತ್ರದ ಶುರುವಿನಲ್ಲೇ ಒಂದು ತರಬೇತಿಯ ದೃಶ್ಯ ಇಟ್ಟು, ಅದರಲ್ಲಿ ಸ್ಪಾಕ್ ಸತ್ತ ಹಾಗೆ ಬೀಳುವಂತೆ ಮಾಡಿದರು. ಓ, ಸುದ್ದಿಯಲ್ಲಿದ್ದದ್ದು ಇದೇನಾ ಅಂತ ಥಿಯೇಟರಿನಲ್ಲಿ ಜನ ಉಸಿರು ಬಿಟ್ಟರು. ಕೊನೆಯಲ್ಲಿ ಅವನು ನಿಜವಾಗಿ ಸತ್ತಾಗ ಅದು ಎದೆಗೆ ತಾಕಿತು. ಸುದ್ದಿ ನಿಜವಾಗಿತ್ತು, ಆದರೆ ಸುದ್ದಿಯಲ್ಲಿ ಆ ಸಾವಿನ ದುಃಖ ಇರಲಿಲ್ಲ. ಚಿತ್ರದಲ್ಲಿ ಇತ್ತು.

ತಾಳಮದ್ದಳೆಗೆ ಹೋದ ಹಾಗೆ ಹೋಗಿ

ಇದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಮಳೆಗಾಲದಲ್ಲಿ ಊರಿನ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬಯಿಗೆ ಬರುತ್ತಾರೆ, ಇಲ್ಲಿನ ಸಭಾಂಗಣಗಳಲ್ಲಿ ಯಕ್ಷಗಾನ, ತಾಳಮದ್ದಳೆ ನಡೆಯುತ್ತದೆ. ಕರ್ಣಪರ್ವಕ್ಕೆ ಹೋದವರಲ್ಲಿ ಕರ್ಣ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಯಾರೂ ಇಲ್ಲ. ಇವತ್ತಿನ ಅರ್ಥಧಾರಿ ಕರ್ಣನ ಬಾಯಲ್ಲಿ ಏನು ವಾದ ಹೂಡುತ್ತಾರೆ, ಎದುರಿನ ಶಲ್ಯ ಅದಕ್ಕೆ ಏನು ಉತ್ತರ ಕೊಡುತ್ತಾನೆ, ಅದನ್ನು ಕೇಳಲು ಹೋಗುತ್ತೇವೆ. ಹೋದ ವರ್ಷ ಕೇಳಿದ ಕರ್ಣನಿಗಿಂತ ಈ ವರ್ಷದವನು ಬೇರೆ. ಸೇರದಿದ್ದರೆ ನಡುವೆ ಎದ್ದು ಕೂಗುವುದಿಲ್ಲ. ಪ್ರಸಂಗ ಮುಗಿಯಲಿ ಅಂತ ಕಾಯುತ್ತೇವೆ, ಆಮೇಲೆ ಹೊರಗೆ ಚಹಾ ಕುಡಿಯುತ್ತಾ "ಆ ಮಾತು ಕರ್ಣನಿಗೆ ಒಪ್ಪುವುದಿಲ್ಲ, ಯಾಕೆಂದರೆ" ಅಂತ ಶುರು ಮಾಡುತ್ತೇವೆ. ನನ್ನ ದೊಡ್ಡಪ್ಪನಂಥವರು "ಯಾಕೆಂದರೆ" ಅನ್ನುವ ಮಾತಿಲ್ಲದೆ ಒಂದು ಟೀಕೆಯನ್ನೂ ಮಾಡಿದ್ದು ನಾನು ಕೇಳಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಎಷ್ಟು ದೊಡ್ಡ ಬದಲಾವಣೆ ನೋಡಿ! ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಕ್ಯಾನನ್ನನ್ನೇ, ಅಂದರೆ ಎಲ್ಲರೂ ಒಪ್ಪಿದ ಮೂಲಕಥೆಯನ್ನೇ, ಮುರಿದ. ಸಾವಿರ ವರ್ಷ ಆದ ಮೇಲೂ ಅವನನ್ನು ಓದುತ್ತಿದ್ದೇವೆ. ಅವನು ಬದಲಾಯಿಸಿದ್ದಕ್ಕೆ ಕಾರಣ ಇತ್ತು: ಅರ್ಜುನನ ಜೊತೆ ತನ್ನ ರಾಜ ಅರಿಕೇಸರಿಯನ್ನು ಸೇರಿಸಿ ಕಾವ್ಯ ಕಟ್ಟಿದವನಿಗೆ ಹಾಗೆ ಮಾಡದೆ ವಿಧಿಯಿರಲಿಲ್ಲ. ಬದಲಾವಣೆ ಕಂಡಾಗ ಕೇಳಬೇಕಾದ ಪ್ರಶ್ನೆ ಅದು. ಯಾಕೆ ಬದಲಾಯಿಸಿದರು? ಬದಲಾಯಿಸಿದ್ದರಿಂದ ಏನು ಸಿಕ್ಕಿತು, ಏನು ಹೋಯಿತು?

ಡಾಕ್ಟರ್ ಹೂ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. 1963ರಲ್ಲಿ ಬಿಬಿಸಿಯಲ್ಲಿ ಶುರುವಾದ ಧಾರಾವಾಹಿ ಅದು. ಮುಖ್ಯ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಿತು. 1966ರಲ್ಲಿ ಕಥೆಯ ನಾಯಕ ಡಾಕ್ಟರ್ ಬೇರೆ ದೇಹ, ಬೇರೆ ಮುಖ ಪಡೆಯುತ್ತಾನೆ ಅಂತ ಕಥೆಯಲ್ಲೇ ದಾರಿ ಮಾಡಿದರು. ಆ ಒಂದು ಉಪಾಯದಿಂದ ಅದು ಇಷ್ಟು ದಶಕ ಬದುಕಿದೆ. ಒಬ್ಬ ವೇಷಧಾರಿ ಬಿಟ್ಟ ವೇಷವನ್ನು ಇನ್ನೊಬ್ಬರು ಕಟ್ಟಿದ ಹಾಗೆ. ಹೊಸಬರು ಬಂದಾಗ "ಇವರು ನಮ್ಮ ಡಾಕ್ಟರ್ ಅಲ್ಲ" ಅನ್ನುವವರು ಪ್ರತಿ ಸಲವೂ ಇರುತ್ತಾರೆ, ನಾಲ್ಕು ಕಂತು ಕಳೆದ ಮೇಲೆ ಅವರಲ್ಲೇ ಎಷ್ಟೋ ಜನ ಒಪ್ಪಿಕೊಂಡಿರುತ್ತಾರೆ.

ನೋಡುವ ದಿನ, ಅದರ ಮಾರನೇ ದಿನ

ಸಾಧ್ಯವಾದರೆ ಮೊದಲ ಸಲ ಒಬ್ಬರೇ ಹೋಗಿ, ಇಲ್ಲವೇ ಒಬ್ಬರ ಜೊತೆ. ಎಂಟು ಜನ ಹೋದರೆ ಇಂಟರ್ವಲ್ಲಿನಲ್ಲಿ ಮೊದಲು ಬಾಯಿ ಬಿಟ್ಟವನ ಅಭಿಪ್ರಾಯವೇ ಎಲ್ಲರದೂ ಆಗಿಬಿಡುತ್ತದೆ. ವಾರದ ಮಧ್ಯದ ಬೆಳಗಿನ ಶೋ ಒಳ್ಳೆಯದು, ಟಿಕೆಟ್ಟೂ ಕಮ್ಮಿ, ಗಲಾಟೆಯೂ ಕಮ್ಮಿ. ಫೋನ್ ಜೇಬಿನಲ್ಲಿರಲಿ.

ಮುಗಿದ ಮೇಲೆ ಆ ದಿನ ಏನೂ ಬರೆಯಬೇಡಿ, ಯಾವ ಗ್ರೂಪಿಗೂ ಹಾಕಬೇಡಿ. ನಾನೂ ಗೆಳೆಯನೂ ಮಾಡಿಕೊಂಡ ನಿಯಮ ಇದು: ದಾದರ್‌ನಿಂದ ಡೊಂಬಿವಲಿಯವರೆಗೆ ಸಿನಿಮಾದ ಮಾತಿಲ್ಲ. ಮನೆ, ಕೆಲಸ, ಊರಿನ ಅಡಿಕೆ ರೇಟು, ಏನಾದರೂ ಮಾತಾಡಬಹುದು, ಇಲ್ಲ ಸುಮ್ನೆ ಬಾಗಿಲ ಹತ್ತಿರ ಗಾಳಿಗೆ ನಿಲ್ಲಬಹುದು. ಮಾರನೇ ದಿನ ನೋಟ್‌ಬುಕ್ ತೆಗೆದು ಹಳೇ ಪಟ್ಟಿಯ ಪಕ್ಕದಲ್ಲಿ ಬರೆಯುವುದು. ನಾನು ಇಷ್ಟಪಟ್ಟದ್ದು ಇದರಲ್ಲಿ ಇದೆಯಾ? ಇಲ್ಲದಿದ್ದರೆ ಅದರ ಜಾಗದಲ್ಲಿ ಬೇರೆ ಏನನ್ನು ಇಟ್ಟಿದ್ದಾರೆ? ಆ ಬೇರೆಯದು ತನ್ನಷ್ಟಕ್ಕೆ ಚೆನ್ನಾಗಿದೆಯಾ? ಮೂರನೇ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡುವುದು ಕಷ್ಟ. ನನಗೆ ಈಗಲೂ ಕಷ್ಟವಾಗುತ್ತದೆ.

ಸೀರೀಸ್ ಆದರೆ ನಾಲ್ಕೈದು ಕಂತು ನೋಡಿ. ಆಮೇಲೂ ಎಳೆಯದಿದ್ದರೆ ಬಿಡಿ, ನಿಮ್ಮ ರಾತ್ರಿಗಳು ನಿಮ್ಮವು.

ಬಿಟ್ಟದ್ದನ್ನು ಮತ್ತೆ ಹಿಡಿಯಲು ನಾಚಿಕೆಯೂ ಬೇಡ. 2019ರ 'ದ ರೈಸ್ ಆಫ್ ಸ್ಕೈವಾಕರ್' ನೋಡಿದ ಮೇಲೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅಂತ ನಿರ್ಧಾರ ಮಾಡಿದ್ದೆ. 2022ರಲ್ಲಿ 'ಆಂಡೋರ್' ಸೀರೀಸ್ ಬಂದಾಗ ನೋಡಲಿಲ್ಲ. ಗೆಳೆಯ ಪಟ್ಟು ಹಿಡಿದು ಒಂದು ಭಾನುವಾರ ಕೂರಿಸಿದ. ಅದರಲ್ಲಿ ಫೆರಿಕ್ಸ್ ಅಂತ ಒಂದು ಊರು. ಹಳೇ ಹಡಗುಗಳನ್ನು ಬಿಚ್ಚಿ ಮಾರುವ ಊರು, ನಮ್ಮ ಕುರ್ಲಾದ ಗುಜರಿ ಗಲ್ಲಿಗಳ ಹಾಗೆ. ಗೋಪುರದ ಮೇಲೆ ಒಬ್ಬ ಮನುಷ್ಯ ಎರಡು ಸುತ್ತಿಗೆಯಲ್ಲಿ ಕಮ್ಮಾರರ ಅಡಿಗಲ್ಲು ಬಡಿದು ಕೆಲಸದ ಹೊತ್ತು ಸಾರುತ್ತಾನೆ. ಒಂದು ಗೋಡೆಯಿದೆ, ಅದರ ತುಂಬಾ ಕೆಲಸಗಾರರು ತಮ್ಮ ಕೈಗವಸುಗಳನ್ನು ನೇತು ಹಾಕುತ್ತಾರೆ. ಆ ಗೋಡೆ ನೋಡಿ ನಾನು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಹತ್ತು ವರ್ಷದವನಾಗಿ ಕ್ಯಾಸೆಟ್ಟಿನಲ್ಲಿ ನೋಡಿದ್ದ ಲೋಕ ವಾಪಸ್ ಬಂದಿತ್ತು. ಜೆಡೈ ಒಬ್ಬರೂ ಇಲ್ಲದೆ, ಬೆಳಕಿನ ಕತ್ತಿ ಒಂದೂ ಇಲ್ಲದೆ. ಪಟ್ಟಿ ಬರೆದಿರದಿದ್ದರೆ "ಇದೆಂಥ ಸ್ಟಾರ್ ವಾರ್ಸ್" ಅಂತ ಅದನ್ನೂ ಬೈಯುತ್ತಿದ್ದೆನೋ ಏನೋ.

ಸೇರದಿದ್ದರೆ ಹೇಗೆ ಹೇಳಬೇಕು

ಸೇರಲಿಲ್ಲ ಅಂತ ಹೇಳಲೇಬೇಕು. ಎಲ್ಲವನ್ನೂ ಹೊಗಳುವವನ ಹೊಗಳಿಕೆಗೆ ಬೆಲೆ ಇರುವುದಿಲ್ಲ. ಆದರೆ ಕೆಲಸವನ್ನು ಟೀಕಿಸಿ, ಮನುಷ್ಯರನ್ನು ಬಿಡಿ. ಈ ಮಾತನ್ನು ನಾನು ಸುಮ್ನೆ ಒಳ್ಳೆಯ ನಡತೆಗಾಗಿ ಹೇಳುತ್ತಿಲ್ಲ. ನಡೆದದ್ದನ್ನು ಕೇಳಿ.

ಜಾರ್ ಜಾರ್ ಪಾತ್ರ ಮಾಡಿದವರು ಅಹ್ಮದ್ ಬೆಸ್ಟ್. 1999ರಲ್ಲಿ ಅವರಿಗೆ ವಯಸ್ಸು ಇಪ್ಪತ್ತೈದರ ಆಸುಪಾಸು. ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ಮೂಡುವ ಪಾತ್ರಕ್ಕೆ ನಟ ತನ್ನ ದೇಹದ ಚಲನೆ ಕೊಡುವ ವಿದ್ಯೆಯಲ್ಲಿ ಅವರು ಮೊದಮೊದಲಿಗರು. ಆ ಪಾತ್ರದ ಮೇಲೆ ಬಿದ್ದ ದ್ವೇಷ ಅವರ ಮೇಲೂ ಬಿತ್ತು. ಸಾಯುವ ಯೋಚನೆ ಮಾಡಿ ಒಂದು ಸೇತುವೆಯ ಮೇಲೆ ನಿಂತಿದ್ದೆ ಅಂತ ಅವರು 2018ರಲ್ಲಿ ಹೇಳಿಕೊಂಡರು. ಅದೇ ಚಿತ್ರದಲ್ಲಿ ಚಿಕ್ಕ ಅನಾಕಿನ್ (ಮುಂದೆ ಖಳನಾಯಕ ಡಾರ್ತ್ ವೇಡರ್ ಆಗುವವನು) ಆಗಿದ್ದ ಜೇಕ್ ಲಾಯ್ಡ್‌ಗೆ ಆಗ 10 ವರ್ಷ. ಆ ಮಗುವನ್ನೂ ಬಿಡಲಿಲ್ಲ. 2017ರ ಚಿತ್ರದಲ್ಲಿ ರೋಸ್ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ಅವರ ಜನಾಂಗ, ರೂಪ ಎಲ್ಲವನ್ನೂ ಆಡಿಕೊಂಡು ಕಾಟ ಕೊಟ್ಟರು. 2018ರಲ್ಲಿ ಅವರು ತಮ್ಮ ಇನ್‌ಸ್ಟಾಗ್ರಾಮ್ ಪೋಸ್ಟುಗಳನ್ನೆಲ್ಲ ಅಳಿಸಿದರು.

1999ರಲ್ಲಿ ನಾನು ಯಾರಿಗೂ ಕಾಗದ ಬರೆದು ಬೈದವನಲ್ಲ. ಆದರೆ ಜನ ಆ ನಟನ ಬಗ್ಗೆ ಆಡುತ್ತಿದ್ದಾಗ ನಕ್ಕಿದ್ದೆ. ಆ ನಗುವಿನ ಬಗ್ಗೆ ನನಗೆ ನಿಜವಾಗಿ ಬೇಸರವಿದೆ. 2023ರಲ್ಲಿ 'ದ ಮ್ಯಾಂಡಲೋರಿಯನ್' ಸೀರೀಸಿನಲ್ಲಿ ಪುಟ್ಟ ಗ್ರೋಗುವನ್ನು ಕಾಪಾಡುವ ಜೆಡೈ ಆಗಿ ಅಹ್ಮದ್ ಬೆಸ್ಟ್ ಬಂದರು, ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು. ಅವರನ್ನು ಕಂಡ ಕೂಡಲೇ ಗೆಳೆಯನಿಗೆ ಫೋನ್ ಮಾಡಿದೆ, ರಾತ್ರಿ ಹನ್ನೊಂದೂವರೆಗೆ.

ಹಾಗಾದರೆ ಟೀಕೆ ಹೇಗಿರಬೇಕು? "ಡೈರೆಕ್ಟರ್ ನಮ್ಮ ಬಾಲ್ಯವನ್ನೇ ಹಾಳು ಮಾಡಿದ" ಅಂದರೆ ಅದರಿಂದ ಕೇಳುವವನಿಗೆ ಚಿತ್ರದ ಬಗ್ಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ ನೋಡಿ: 2019ರ ಚಿತ್ರದಲ್ಲಿ ಸತ್ತಿದ್ದ ದುಷ್ಟ ಸಾಮ್ರಾಟ ಪ್ಯಾಲ್ಪಟೀನ್ ವಾಪಸ್ ಬಂದ ಸುದ್ದಿಯನ್ನು ಶುರುವಿನಲ್ಲಿ ತೆರೆಯ ಮೇಲೆ ಓಡುವ ಅಕ್ಷರಗಳಲ್ಲೇ ಹೇಳಿ ಮುಗಿಸಿದರು. 1983ರ ಚಿತ್ರದ ಕೊನೆಯಲ್ಲಿ ಮಗನನ್ನು ಉಳಿಸಲು ಡಾರ್ತ್ ವೇಡರ್ ಆ ಸಾಮ್ರಾಟನನ್ನು ಎತ್ತಿ ಬಾವಿಗೆ ಎಸೆದದ್ದು, ತಾನೂ ಸತ್ತದ್ದು, ಆ ತ್ಯಾಗದ ತೂಕ ಇದರಿಂದ ಕಮ್ಮಿಯಾಯಿತು. ಹೀಗೆ ಹೇಳಿದರೆ ಆ ಚಿತ್ರವನ್ನು ಮೆಚ್ಚಿದವರೂ ಕೂತು ಉತ್ತರ ಕೊಡುತ್ತಾರೆ. ನನಗೆ ಒಬ್ಬರು ಕೊಟ್ಟರು. ವೇಡರ್ ಕಾಪಾಡಿದ್ದು ಮಗನನ್ನು, ಮಗ ಉಳಿದ, ಹಾಗಾಗಿ ತ್ಯಾಗ ವ್ಯರ್ಥವಾಗಲಿಲ್ಲ ಅಂದರು. ನಾನು ಒಪ್ಪಲಿಲ್ಲ, ಆದರೆ ಎರಡು ದಿನ ಅದನ್ನೇ ಯೋಚಿಸಿದೆ.

ಮಾಡಿದವರಿಗೇ ಬರೆಯುವುದಿದ್ದರೆ ಬರೆಯಿರಿ. ಮೆಚ್ಚಿ ಬರೆದ ಕಾಗದಕ್ಕೆ ಬೈದು ಬರೆದದ್ದಕ್ಕಿಂತ ಜಾಸ್ತಿ ಬಲ ಇದೆ ಅಂತ ಇದೇ ಲೋಕದಲ್ಲಿ ಸಾಬೀತಾಗಿದೆ. ಮೊದಲ ಸ್ಟಾರ್ ಟ್ರೆಕ್ ಎರಡು ಸೀಸನ್ನಿಗೆ ನಿಲ್ಲುವ ಹಾಗಿತ್ತು. ಬೀಜೋ ಟ್ರಿಂಬಲ್ ಅನ್ನುವ ಅಭಿಮಾನಿ ಮತ್ತು ಅವರ ಗಂಡ ಜಾನ್ ಮುಂದೆ ನಿಂತು ಅಭಿಮಾನಿಗಳಿಂದ ಎನ್‌ಬಿಸಿ ಚಾನೆಲ್ಲಿಗೆ ರಾಶಿ ರಾಶಿ ಕಾಗದ ಬರೆಸಿದರು. 1968ರಲ್ಲಿ ಕಂತು ಮುಗಿದ ಮೇಲೆ, ಧಾರಾವಾಹಿ ಮುಂದುವರಿಯುತ್ತದೆ ಅಂತ ಚಾನೆಲ್ಲೇ ಪ್ರಕಟಿಸಿತು. ಮೂರನೇ ಸೀಸನ್ ಬಂದದ್ದರಿಂದ ಬೇರೆ ಬೇರೆ ಊರಿನ ಟಿವಿಗಳಲ್ಲಿ ದಿನಾ ಮರುಪ್ರಸಾರ ಮಾಡಲು ಸಾಕಾಗುವಷ್ಟು ಕಂತುಗಳು ಕೂಡಿದವು. ಅದು ಇಷ್ಟು ಹೆಸರು ಮಾಡಿದ್ದೇ ಆ ಮರುಪ್ರಸಾರದಿಂದ.

ಹಳೆಯದನ್ನು ಕಾಪಾಡಿಕೊಳ್ಳಿ

"ಹೊಸದು ಸೇರದಿದ್ದರೆ ಏನಂತೆ, ಹಳೆಯದು ಎಲ್ಲೂ ಹೋಗುವುದಿಲ್ಲವಲ್ಲ" ಅಂತ ಸಮಾಧಾನ ಹೇಳುವವರಿದ್ದಾರೆ. ಇದು ಪೂರ್ತಿ ನಿಜವಲ್ಲ, ಇಲ್ಲಿ ಅಭಿಮಾನಿಗಳ ದೂರಿನಲ್ಲಿ ನ್ಯಾಯವಿದೆ. 1997ರಲ್ಲಿ ಸ್ಟಾರ್ ವಾರ್ಸ್ ಹುಟ್ಟುಹಾಕಿದ ಜಾರ್ಜ್ ಲ್ಯೂಕಸ್ ಅದರ ಮೊದಲ ಮೂರು ಚಿತ್ರಗಳನ್ನೇ ತಿದ್ದಿ ಹೊಸ ದೃಶ್ಯ ಸೇರಿಸಿ ಬಿಡುಗಡೆ ಮಾಡಿದರು. ಹೋಟೆಲಿನಲ್ಲಿ ಹಾನ್ ಸೋಲೋ ಮೊದಲು ಗುಂಡು ಹಾರಿಸುತ್ತಿದ್ದ, ತಿದ್ದಿದ್ದರಲ್ಲಿ ಎದುರಿನವನು ಮೊದಲು ಹಾರಿಸುತ್ತಾನೆ. ಸಣ್ಣದು ಅನಿಸಬಹುದು. ಆದರೆ ಸ್ವಾರ್ಥಿಯಾಗಿದ್ದವನು ಕೊನೆಗೆ ಗೆಳೆಯರಿಗಾಗಿ ವಾಪಸ್ ಬರುವುದೇ ಅವನ ಕಥೆ, ಶುರುವಿನಲ್ಲೇ ಅವನನ್ನು ಒಳ್ಳೆಯವನಾಗಿ ಮಾಡಿದರೆ ವಾಪಸ್ ಬಂದದ್ದರಲ್ಲಿ ಏನು ಉಳಿಯಿತು? ಈಗ ಮನೆಯಲ್ಲಿ ಸುಲಭವಾಗಿ ನೋಡಲು ಸಿಗುವುದು ತಿದ್ದಿದ ಪ್ರತಿಯೇ.

ಆದ್ದರಿಂದ ನಿಮಗೆ ಪ್ರಾಣಕ್ಕೆ ಸಮಾನವಾದದ್ದರ ಡಿಸ್ಕ್ ಇದ್ದರೆ ಇಟ್ಟುಕೊಳ್ಳಿ, ಪುಸ್ತಕ ಇದ್ದರೆ ರದ್ದಿಗೆ ಹಾಕಬೇಡಿ. ಫ್ಲೋರಾ ಫೌಂಟನ್‌ನ ಫುಟ್‌ಪಾತಿನಲ್ಲಿ ಕೊಂಡ, ಟಿಮೋತಿ ಜಾನ್ ಬರೆದ, ಥ್ರಾನ್ ಅನ್ನುವ ಸೇನಾಪತಿಯ ಸ್ಟಾರ್ ವಾರ್ಸ್ ಕಾದಂಬರಿ ಒಂದು ನನ್ನ ಹತ್ತಿರ ಇದೆ, ರಟ್ಟು ಕಿತ್ತುಹೋಗಿದೆ. 1991ರಲ್ಲಿ ಶುರುವಾದ ಸರಣಿ ಅದು. 2014ರಲ್ಲಿ ಆ ಹಳೇ ಕಾದಂಬರಿಗಳೆಲ್ಲ ಇನ್ನು ಮುಖ್ಯ ಕಥೆಯ ಭಾಗವಲ್ಲ, ಬರೀ ದಂತಕಥೆಗಳು ಅಂತ ಕಂಪನಿ ಹೇಳಿತು. ಇಪ್ಪತ್ತು ವರ್ಷ ಓದಿದವರಿಗೆ ನೋವಾಯಿತು, ಆಗಬೇಕಾದದ್ದೇ. ಎರಡು ವರ್ಷದ ಮೇಲೆ ಅದೇ ಥ್ರಾನ್ 'ರೆಬೆಲ್ಸ್' ಕಾರ್ಟೂನಿನಲ್ಲಿ ವಾಪಸ್ ಬಂದ. ನನ್ನ ಪುಸ್ತಕ ಮಾತ್ರ ಅವತ್ತೂ ಇವತ್ತೂ ಅದೇ ಪುಸ್ತಕ, ಯಾರ ಪ್ರಕಟಣೆಯಿಂದಲೂ ಅದರ ಒಂದು ಸಾಲೂ ಬದಲಾಗಲಿಲ್ಲ.

ಸಾಕು ಅನಿಸಿದರೆ ನಿಲ್ಲಿಸಿ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಅಂತ ಕುಮಾರವ್ಯಾಸನೇ ಹೇಳಿ ಭಾರತದ ಕಡೆ ಹೊರಳಿದ. ವರ್ಷಕ್ಕೆ ನಾಲ್ಕು ಸೀರೀಸ್ ಬಂದರೆ ನಾಲ್ಕನ್ನೂ ನೋಡಬೇಕು ಅನ್ನುವ ಹರಕೆ ಯಾರೂ ಹೊತ್ತಿಲ್ಲ. ನೋಡದವನು ನೋಡಿದವರ ಜೊತೆ ಜಗಳಕ್ಕೆ ಮಾತ್ರ ಹೋಗಬಾರದು.

ಚಿಕ್ಕವರ ಜೊತೆ ನೋಡುವಾಗ

ನನ್ನ ಅಕ್ಕನ ಮಗ ಸ್ಟಾರ್ ವಾರ್ಸ್ ಒಳಗೆ ಬಂದದ್ದು 'ಕ್ಲೋನ್ ವಾರ್ಸ್' ಕಾರ್ಟೂನಿನ ಬಾಗಿಲಿನಿಂದ. ಅವನಿಗೆ ಅಸೋಕಾ ಟಾನೋ ಅಂದರೆ ಜೀವ. 2008ರಲ್ಲಿ ಆ ಪಾತ್ರ ಬಂದಾಗ ದೊಡ್ಡವರು ಎಷ್ಟು ಮೂಗು ಮುರಿದಿದ್ದರು ನನಗೆ ನೆನಪಿದೆ. ಅನಾಕಿನ್‌ಗೆ ಶಿಷ್ಯೆ ಇದ್ದಳಾ, ಯಾವ ಚಿತ್ರದಲ್ಲೂ ಇಲ್ಲವಲ್ಲ, ಅದೂ ಇಷ್ಟು ಬಾಯಾಳಿ ಹುಡುಗಿ ಅಂತ. ಆ ಹುಡುಗಿ ಕಂತು ಕಂತಿಗೆ ಬೆಳೆದಳು. 2023ರಲ್ಲಿ ಅವಳ ಹೆಸರಿನದೇ ಸೀರೀಸ್ ಬಂತು. ನಮ್ಮ ಹುಡುಗನಿಗೆ ಹೊಸದು ಅಂತ ಏನೂ ಇಲ್ಲ, ಅವನಿಗೆ ಅದೇ ಮೊದಲನೆಯದು, ಹಾಗಾಗಿ ಅದೇ ಹಳೆಯದು.

ಅಂಥವರ ಹತ್ತಿರ "ನಿಜವಾದದ್ದು ನಮ್ಮ ಕಾಲದ್ದು" ಅಂತ ಹೇಳಬೇಡಿ. ಪರೀಕ್ಷೆಯ ಹಾಗೆ ಪ್ರಶ್ನೆ ಕೇಳಬೇಡಿ. ಅವರು ತೋರಿಸಿದ್ದನ್ನು ಮೊದಲು ನೀವು ನೋಡಿ, ಪೂರ್ತಿ ನೋಡಿ. ಆಮೇಲೆ ನಿಮ್ಮದನ್ನು ತೋರಿಸಿ. ನಾನು ಅವನ ಜೊತೆ ಆ ಕಾರ್ಟೂನಿನ ಏಳು ಸೀಸನ್ನನ್ನೂ ನೋಡಿದೆ, ಎರಡು ಮಳೆಗಾಲ ಹಿಡಿಯಿತು, ಮತ್ತು ಕೊನೆಯ ನಾಲ್ಕು ಕಂತುಗಳು ನಾನು ಈ ಲೋಕದಲ್ಲಿ ಕಂಡ ಅತ್ಯುತ್ತಮ ಕೆಲಸಗಳಲ್ಲಿ ಸೇರುತ್ತವೆ. ಮುಗಿದ ಮೇಲೆ ಅವನೇ "ಮಾವ, ಈಗ ನಿಮ್ಮದು ಹಾಕಿ" ಅಂದ.

1977ರ ಚಿತ್ರದಿಂದಲೇ ಶುರು ಮಾಡಿ. ಅದರಲ್ಲಿ ವೇಗ ಕಮ್ಮಿ, ಮಕ್ಕಳು ಮೊದಲ ಅರ್ಧ ಗಂಟೆ ಹೊರಳಾಡುತ್ತಾರೆ, ಬಿಡಿ, ಹೊರಳಾಡಲಿ. ನಿಮಗೆ ಇಷ್ಟವಾದ ಜಾಗ ಬಂದಾಗ ಅವರ ಮುಖ ನೋಡಬೇಡಿ, ಅದು ಅವರಿಗೆ ಗೊತ್ತಾಗುತ್ತದೆ ಮತ್ತು ಅವರು ನಿಮಗಾಗಿ ಖುಷಿ ತೋರಿಸಲು ಶುರು ಮಾಡುತ್ತಾರೆ. ನಡುವೆ ನಿಲ್ಲಿಸಿ ವಿವರಣೆ ಕೊಡಬೇಡಿ. ಫಾಲ್ಕನ್ ಮೊದಲ ಸಲ ಕಂಡಾಗ ನಮ್ಮವನು "ಇದು ಹಾರುತ್ತದಾ?" ಅಂತ ಕೇಳಿದ. ನಾನು "ನೋಡು" ಅಂದೆ, ಅಷ್ಟೇ.